ಅಪ್ಪ-ಆಯಿಯ ಗ್ರೀನ್ ಕಾರ್ಡ್

ಅಮೆರಿಕದ ಪೌರತ್ವ ಪಡೆದು 21 ವರ್ಷ ದಾಟಿದ ಮಕ್ಕಳು ತಂದೆ-ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಬಹುದು. ಒಡಹುಟ್ಟಿದವರಿಗಾದರೆ ಹತ್ತು ವರ್ಷಕ್ಕೂ ಮೀರಿ ಕಾಯಬೇಕು, ತಂದೆ-ತಾಯಿಗೆ ಆ ಸರದಿಯಿಲ್ಲ. ವಿಸಿಟರ್ ವೀಸಾದಲ್ಲಿ ಕ್ರಮಬದ್ಧವಾಗಿ ಬಂದವರಿಗೆ ಇಲ್ಲೇ ಇದ್ದು ಅರ್ಜಿ ಹಾಕುವ ಅವಕಾಶವೂ ಉಂಟು. ನನ್ನ ಅಪ್ಪ-ಆಯಿಗೆ ಅರ್ಜಿ ಹಾಕಲು ಹೊರಟಾಗ ಇಷ್ಟನ್ನು ನಮ್ಮ ವಕೀಲರು ಒಂದೇ ಭೇಟಿಯಲ್ಲಿ ಹೇಳಿ ಮುಗಿಸಿದರು. ಬೆವರಿಳಿಸಿದ್ದು ಕಾರವಾರ, ಅಂಕೋಲಾದಿಂದ ಬರಬೇಕಿದ್ದ ಕಾಗದಗಳು.

ತಾಯಿಯ ಅರ್ಜಿಗೆ ಮುಖ್ಯ ಆಧಾರ ಅವಳ ಹೆಸರಿರುವ ಮಗನ ಜನನ ಪ್ರಮಾಣಪತ್ರ. ನಾನು ಹುಟ್ಟಿದ್ದು ಕಾರವಾರದಲ್ಲಿ, ಆಯಿಯ ತವರಲ್ಲಿ. ಬರೆಸಲು ಹೋದವರು ಅಜ್ಜ. ತಮ್ಮ ಮಗಳನ್ನು ಹುಟ್ಟಿನಿಂದ ಯಾವ ಹೆಸರಿನಿಂದ ಕರೆದಿದ್ದರೋ ಅದನ್ನೇ ಬರೆಸಿ ಬಂದರು. ಆದರೆ ಮದುವೆಯ ದಿನವೇ ಆಯಿಯ ಹೆಸರು ಬದಲಾಗಿತ್ತು. ಹರಿವಾಣದಲ್ಲಿ ಅಕ್ಕಿ ಹರವಿ ಅಪ್ಪ ಉಂಗುರದಿಂದ ಬರೆದ ಆ ಹೊಸ ಹೆಸರೇ ಅವಳ ರೇಷನ್ ಕಾರ್ಡಿನಲ್ಲಿ, ಆಧಾರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಇರುವುದು. ಊರಲ್ಲಿ ಯಾರಿಗೂ ಇದು ವಿಚಿತ್ರವೆನಿಸದು. ನಮ್ಮ ಪದ್ಧತಿ ತಿಳಿಯದ ಅಧಿಕಾರಿಯ ಕಣ್ಣಿಗೆ ಮಾತ್ರ ನನ್ನನ್ನು ಹೆತ್ತವಳು ಒಬ್ಬಳು, ಅರ್ಜಿಯಲ್ಲಿರುವವಳು ಇನ್ನೊಬ್ಬಳು.

ಕೈ ಹಿಡಿದದ್ದು ಆಯಿಯ ಹಳೆಯ ಟ್ರಂಕು. ಅದರಲ್ಲಿ ತವರಿನ ಹೆಸರಿದ್ದ ಶಾಲೆಯ ದಾಖಲೆ ಇತ್ತು, ಲಗ್ನಪತ್ರಿಕೆಯೂ ಇತ್ತು. ಎರಡು ಹೆಸರಿನವಳೂ ಒಬ್ಬಳೇ ಎಂದು ಸೋದರಮಾವ, ದೊಡ್ಡಮ್ಮ ಬೇರೆ ಬೇರೆಯಾಗಿ ಅಫಿಡವಿಟ್ ಮಾಡಿಕೊಟ್ಟರು. ತಂದೆಯ ಅರ್ಜಿಗೆ ಮದುವೆಯ ದಾಖಲೆಯೂ ಬೇಕು. ಪುಣ್ಯಕ್ಕೆ ಅಪ್ಪ ನಿವೃತ್ತಿಯ ಹೊತ್ತಿಗೆ ಪಿಂಚಣಿಗೆಂದು ಮದುವೆ ನೋಂದಣಿ ಮಾಡಿಸಿಟ್ಟಿದ್ದರು.

ಅಪ್ಪ-ಆಯಿಯ ಜನನ ದಾಖಲೆಯಂತೂ ಇರಲೇ ಇಲ್ಲ. ಅವರು ಹುಟ್ಟಿದಾಗ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಜನನ-ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಮುಂಚೆ ಮನೆಯಲ್ಲಿ ಹೆರಿಗೆಯಾದ ಎಷ್ಟೋ ಮಕ್ಕಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇಂಥ ಸಂದರ್ಭದಲ್ಲಿ ಹುಡುಕಿದರೂ ದಾಖಲೆ ಸಿಗಲಿಲ್ಲ ಎಂಬ ಹಿಂಬರಹ ಪಡೆದು, ಜೊತೆಗೆ ಶಾಲೆಯ ದಾಖಲೆ, ಅಫಿಡವಿಟ್ ಲಗತ್ತಿಸಬೇಕು. ಚಿಕ್ಕಪ್ಪ ಅದಕ್ಕಾಗಿ ಕಚೇರಿಗೆ ಎಡತಾಕಿದ ಋಣ ದೊಡ್ಡದು. ಕನ್ನಡದ ಪ್ರತಿ ಕಾಗದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣ ಬೇಕು.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ನೆಲೆಸುವುದೆಂದು ಮೊದಲೇ ನಿರ್ಧರಿಸಿ, ವಿಮಾನ ನಿಲ್ದಾಣದಲ್ಲಿ ‘ಮಗನನ್ನು ನೋಡಿ ಹೋಗ್ತೇವೆ’ ಎಂದರೆ ಅದು ಸುಳ್ಳು ಹೇಳಿಕೆ. ಸಿಕ್ಕಿಬಿದ್ದರೆ ಮುಂದಿನ ಬಾಗಿಲುಗಳೆಲ್ಲ ಮುಚ್ಚಬಹುದು. ಮೊದಲೇ ನಿರ್ಧಾರವಾಗಿದ್ದರೆ ಅವರು ಊರಲ್ಲಿರುವಾಗಲೇ ಅರ್ಜಿ ಹಾಕಿ, ಮುಂಬೈ ಕಾನ್ಸುಲೇಟಿನ ಸಂದರ್ಶನ ಮುಗಿಸಿ ಬರುವುದೇ ಸರಿಯಾದ ದಾರಿ. ನಮ್ಮ ಮನೆಯಲ್ಲಿ ಆ ಮಾತು ಹುಟ್ಟಿದ್ದು ಅವರು ಬಂದ ಮೇಲೆ, ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ ನಂತರ.

ಇಲ್ಲೇ ಇದ್ದು ಹಾಕಿದ ಅರ್ಜಿ ಇತ್ಯರ್ಥವಾಗುವ ಮುಂಚೆ ಅನುಮತಿಪತ್ರವಿಲ್ಲದೆ ದೇಶ ಬಿಟ್ಟರೆ ಅದನ್ನು ಕೈಬಿಟ್ಟಂತೆಯೇ ಲೆಕ್ಕ. ಇದನ್ನು ಕೇಳಿ ಅಪ್ಪ ಮಂಕಾದರು. ಅಂಕೋಲಾದಲ್ಲಿ ವೈಶಾಖವೆಂದರೆ ಬಂಡಿಹಬ್ಬ, ಕರಿ ಈಶಾಡು ಮಾವು ಹಣ್ಣಾಗುವ ಕಾಲ. ‘ಮರ ಯಾರು ನೋಡ್ತಾರೋ?’ ಎಂದರು. ಕಾರ್ಡ್ ಬಂದ ಮೇಲೂ ಬಿಡುಗಡೆಯಿಲ್ಲ. ಅದು ಇಲ್ಲೇ ವಾಸಿಸುವವರಿಗಿರುವ ಕಾರ್ಡ್. ರೀ-ಎಂಟ್ರಿ ಪರ್ಮಿಟ್ ಇಲ್ಲದೆ ವರ್ಷಕ್ಕೂ ಮೀರಿ ಊರಲ್ಲಿ ಉಳಿದರೆ ಅದೇ ಕಾರ್ಡ್ ತೋರಿಸಿ ಮರಳುವಂತಿಲ್ಲ, ಆರು ತಿಂಗಳು ಮೀರಿದರೂ ಪ್ರಶ್ನೆಗಳು ಏಳುತ್ತವೆ.

ಹಣದ ಲೆಕ್ಕವನ್ನೂ ಅವರ ಮುಂದಿಡಬೇಕು. ಊರಿನ ಪಿಂಚಣಿ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಮೆರಿಕದ ತೆರಿಗೆಗೆ ತೋರಿಸಬೇಕು. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆ 10,000 ಡಾಲರ್ ದಾಟಿದರೂ ಪ್ರತ್ಯೇಕ ವರದಿ ಕೊಡಬೇಕು. ಇಲ್ಲಿ ದುಡಿದ ದಾಖಲೆಯಿಲ್ಲದ ಹಿರಿಯರಿಗೆ 65 ತುಂಬಿದ್ದರೂ 5 ವರ್ಷ ಸತತವಾಗಿ ವಾಸಿಸುವ ತನಕ ಮೆಡಿಕೇರ್ ಇಲ್ಲ, ಆಮೇಲೂ ಕಂತು ಕಟ್ಟಬೇಕು. ಅಲ್ಲಿಯವರೆಗೆ ವಿಮೆ ಮಕ್ಕಳ ಹೊಣೆ. ಅಪ್ಪ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಯಿಯೊಡನೆ ಮಾತಾಡಿ, ಆಮೇಲೆ ಸಹಿ ಹಾಕಿದರು.

ಕಾರವಾರ-ಅಂಕೋಲಾ ಕಡೆ ವಯಸ್ಸಾದ ತಂದೆ-ತಾಯಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಜನನ ಪತ್ರದಲ್ಲಿ ತಾಯಿಯ ಯಾವ ಹೆಸರಿದೆ ನೋಡಿ. ಅವರ ಮದುವೆ ನೋಂದಣಿ ಮಾಡಿಸಿ. ಅಫಿಡವಿಟ್ ಕೊಡಬಲ್ಲ ಹಿರಿಯರು ಇರುವಾಗಲೇ ಬರೆಸಿಟ್ಟುಕೊಳ್ಳಿ. ಅರ್ಜಿ ಹಾಕುವುದೋ ಬೇಡವೋ ಎಂಬುದನ್ನು ಮಾತ್ರ ತಂದೆ-ತಾಯಿಯೇ ಹೇಳಲಿ.