ಹಳೇ ತಂಡ ಮತ್ತೆ ಅಂಕಣಕ್ಕಿಳಿಯಬೇಕೆ?

ಪ್ರಶ್ನೆ: ಅಕ್ಕಾ, ಹೈಸ್ಕೂಲಿನಲ್ಲಿದ್ದಾಗ ನಾವು ಏಳೆಂಟು ಹುಡುಗರು ತೆಲುಗಿನ ‘ಭೀಮಿಲಿ ಕಬಡ್ಡಿ ಜಟ್ಟು’ ನೋಡಿ, ಭೀಮಾ ದಂಡೆಯ ಹೊಲದಲ್ಲಿ ಗೆರೆ ಹಾಕಿ ಕಬಡ್ಡಿ ತಂಡ ಕಟ್ಟಿದ್ದೆವು. ಈಗ ಕೆಲವರು ಪುಣೆ, ಕೆಲವರು ಹೈದರಾಬಾದ್. ನಾನು ಊರಲ್ಲೇ ಒಕ್ಕಲುತನ. ಆ ಸಿನಿಮಾದ ತಮಿಳು ಮೂಲಕ್ಕೆ ಎರಡನೇ ಭಾಗ ಇದೆಯೆಂದು ತಿಳಿದು ಆಸೆಪಟ್ಟು ನೋಡಿದೆ. ಮನಸ್ಸು ಮುದುಡಿಹೋಯಿತು. ಬರುವ ಅಮಾವಾಸ್ಯೆಗೆ ಭಾಗ್ಯವಂತಿ ದರ್ಶನಕ್ಕೆ ಗೆಳೆಯರೆಲ್ಲ ಬರುತ್ತಿದ್ದಾರೆ, ಒಂದು ಆಟ ಆಗಲಿ ಅನ್ನುತ್ತಿದ್ದಾರೆ. ನಮ್ಮದೂ ಹಾಗೇ ಆಗಿ, ಇದ್ದ ನೆನಪೂ ಕೆಟ್ಟರೆ? ಒಂದು ಸಿನಿಮಾವನ್ನು ಇಷ್ಟು ಹಚ್ಚಿಕೊಳ್ಳುವುದು ಹುಚ್ಚೇ?
— ಓದುಗ, ಘತ್ತರಗಿ

ಉತ್ತರ: ಹುಚ್ಚಲ್ಲ ತಮ್ಮಾ. ನಿಮ್ಮನ್ನು ಹೊಲಕ್ಕಿಳಿಸಿ ಮೊಣಕಾಲು ತರಚಿಸಿದ ಸಿನಿಮಾ ಅದು. ಅದರ ಹೆಸರಿಟ್ಟುಕೊಂಡು ಬಂದದ್ದು ಸಪ್ಪೆಯಾದರೆ ನೋವಾಗಲೇಬೇಕು.

ಆದರೆ ಅದು ಯಾಕೆ ಸಪ್ಪೆಯಾಯಿತು ಎಂದು ನೋಡು. ನೀವು ನೋಡಿದ ಸಿನಿಮಾದ ತಮಿಳು ಮೂಲ, 2009ರ ‘ವೆಣ್ಣಿಲಾ ಕಬಡಿ ಕುಳು’, ನಿರ್ದೇಶಕ ಸುಸೀಂದ್ರನ್‌ಗೂ ನಾಯಕ ವಿಷ್ಣು ವಿಶಾಲ್‌ಗೂ ಮೊದಲ ಚಿತ್ರ. ಕೋಚ್ ಆಗಿದ್ದವರು ನಮ್ಮ ಕಿಶೋರ್. ಹೋಟೆಲಿನಲ್ಲಿ ಪರೋಟಾ ತಿನ್ನುವ ಪಂದ್ಯ ನಡೆಯುತ್ತದಲ್ಲ, ಲೆಕ್ಕದಲ್ಲಿ ಮೋಸ ಎಂದಾಗ ನಟ ಸೂರಿ ಬಿಟ್ಟು ಏಳುವುದಿಲ್ಲ, ಎಲ್ಲ ಅಳಿಸಿ ಮೊದಲಿನಿಂದ ಎಣಿಸಿ ಅನ್ನುತ್ತಾನೆ. ಆ ಒಂದು ದೃಶ್ಯದಿಂದ ಅವನಿಗೆ ‘ಪರೋಟಾ ಸೂರಿ’ ಎಂದೇ ಹೆಸರು ನಿಂತಿತು. ಸೋತು ಸೋತು ಬಂದ ಹಳ್ಳಿ ಹುಡುಗರ ಹಟವೆಲ್ಲ ಅದರಲ್ಲಿದೆ. ಕೊನೆಗೆ ನಾಯಕನೇ ಸಾಯುತ್ತಾನೆ. ಕಥೆ ಅಲ್ಲಿಗೆ ಮುಗಿಯಿತು. 2019ರಲ್ಲಿ ಬೇರೆ ನಿರ್ದೇಶಕ, ಬೇರೆ ನಾಯಕನೊಂದಿಗೆ ಎರಡನೆಯದು ಬಂದಾಗ ಸೂರಿ, ಕಿಶೋರ್‌ರಂಥ ಕೆಲವು ಹಳೆಯ ಮುಖಗಳು ಉಳಿದಿದ್ದವು. ಆದರೆ ನೀನು ಹುಡುಕಿಕೊಂಡು ಹೋದ ಕಥೆ ಅಲ್ಲಿ ಇರಲಿಲ್ಲ.

ಹಾಗಂತ ಹಳಬರೇ ಇದ್ದರೆ ಸಾಕು ಎಂದೂ ಅಲ್ಲ. ಅಮೆರಿಕದ ‘ಕರಾಟೆ ಕಿಡ್’ 1984ರಲ್ಲಿ ಬಂದಿತು. ಮೊದಲ ಮೂರು ಭಾಗಕ್ಕೂ ಜಾನ್ ಅವಿಲ್ಡ್‌ಸನ್ ನಿರ್ದೇಶಕ, ರಾಲ್ಫ್ ಮಾಚಿಯೋ ನಾಯಕ, ಪ್ಯಾಟ್ ಮೊರಿಟಾ ಗುರು. ಆದರೂ 1989ರ ಮೂರನೆಯದು ಬಿದ್ದುಹೋಯಿತು. ಆಗ ಮಾಚಿಯೋಗೆ 27 ವರ್ಷ, ಪಾತ್ರ ಮಾತ್ರ ಇನ್ನೂ ಹದಿಹರೆಯದ ಹುಡುಗ. ಹಿಂದೆಯೇ ಕಲಿತ ಪಾಠವನ್ನು ಮತ್ತೆ ಕಲಿಯುತ್ತಾನೆ. 2018ರಲ್ಲಿ ‘ಕೋಬ್ರಾ ಕಾಯ್’ ಸರಣಿ ಶುರುವಾದಾಗ ಅದೇ ನಾಯಕ ಕಾರು ಮಾರುವ ಸಂಸಾರಸ್ಥ, ಅವನಿಗೆ ಸೋತಿದ್ದ ಹುಡುಗ ಸಣ್ಣಪುಟ್ಟ ಕೆಲಸ ಮಾಡಿ ಹೊಟ್ಟೆ ಹೊರೆಯುವ ನಡುವಯಸ್ಸಿನವನು. ಜನ ಆರು ಸೀಸನ್ ನೋಡಿದರು. ತಮಿಳಿನಲ್ಲೇ ವೆಂಕಟ್ ಪ್ರಭು 2007ರ ‘ಚೆನ್ನೈ 600028’ರ ಗಲ್ಲಿ ಕ್ರಿಕೆಟ್ ಹುಡುಗರನ್ನು ಒಂಬತ್ತು ವರ್ಷದ ಮೇಲೆ ಮತ್ತೆ ಕರೆತಂದರು. ಹುಡುಗರಾಗಿ ಅಲ್ಲ, ಹೆಂಡತಿಯ ಕಣ್ಣು ತಪ್ಪಿಸಿ ಬ್ಯಾಟು ಹಿಡಿಯುವ ಗಂಡಂದಿರಾಗಿ. ಆದ ವಯಸ್ಸನ್ನು ಒಪ್ಪಿಕೊಂಡ ಕಥೆಗಳು ಇವು. ನನಗೆ ತಿಳಿದಂತೆ ಗೆಲುವು ಅಲ್ಲೇ ಇದೆ.

ಆದ್ದರಿಂದ ನಿಮ್ಮ ಆಟ ಬೇಡ ಅನ್ನಲಾರೆ, ಆಡಲೇಬೇಕು ನೀವು. ಹಳೆಯ ಆಟವನ್ನೇ ಮತ್ತೆ ತೋರಿಸುವ ಹಟ ಮಾತ್ರ ಬೇಡ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೆ 20 ನಿಮಿಷದ ಎರಡು ಅವಧಿ ಭಾರ, ಅರ್ಧಕ್ಕೆ ಇಳಿಸಿ. ಹಿಂದಿನ ದಿನವೇ ನೆಲ ಅಗೆದು ಹದ ಮಾಡಿ, ಕಲ್ಲು ಆರಿಸಿ. ಒಣಗಿ ಗಟ್ಟಿಯಾದ ಎರಿ ಮಣ್ಣಿನ ಮೇಲೆ ಬಿದ್ದರೆ ಕೈ ಮುರಿದೀತು. ಇನ್ನೊಂದು ಮಾತು: ನಿಮ್ಮ ಎದುರು ನಿಮ್ಮವರೇ ಬೇಡ, ಈಗ ಊರ ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗರನ್ನು ನಿಲ್ಲಿಸಿ. ಅವರು ಬಹುಶಃ ನಿಮ್ಮನ್ನು ಸೋಲಿಸುತ್ತಾರೆ. ಸೋಲಿಸಲಿ. ಯಾರ ಕಾಲು ಹೇಗೆ ಹಿಡಿಯಬೇಕು, ರೈಡಿನ 30 ಸೆಕೆಂಡನ್ನು ಹೇಗೆ ದುಡಿಸಿಕೊಳ್ಳಬೇಕು ಎಂದು ನಿಂತು ಹೇಳಿಕೊಡುವ ಕೋಚ್ ಅವರಿಗೆ ಬೇಕು. ಊರಲ್ಲೇ ಇರುವವನು ನೀನು, ಅದು ನಿನ್ನಿಂದ ಆದೀತು.

ಹಳೆಯ ಸಿನಿಮಾ ಎಲ್ಲಿಗೂ ಹೋಗಿಲ್ಲ ತಮ್ಮಾ. ಆಟದ ರಾತ್ರಿ ಎಲ್ಲರೂ ಕೂತು ಮೊದಲನೆಯದನ್ನೇ ನೋಡಿ. ಪುಣೆಯವರಿಗೆ ಇವತ್ತೇ ಫೋನ್ ಮಾಡು, ರಜೆ ಸಿಗುವುದಕ್ಕೆ ಅವರು ಮೊದಲೇ ಹೇಳಬೇಕಾಗುತ್ತದೆ.