ಪಗಾರಕ್ಕಿಂತ ಮೊದಲು ಬಾಗಿಲು ನೋಡು

ತಮ್ಮಾ, ಕುವೈತಿನದೊಂದು, ಕತಾರಿನದೊಂದು ಆಫರ್ ಲೆಟರ್ ತಂದು ನನ್ನ ಮುಂದಿಟ್ಟು, ಯಾವ ದೇಶಕ್ಕೆ ಹೋಗಲಿ ಕಾಕಾ ಎಂದು ಕೇಳಿದ್ದೀ. ಕುವೈತಿನ ಒಂದು ದಿನಾರು ಅಂದರೆ ನಮ್ಮ ಇನ್ನೂರೈವತ್ತು ರೂಪಾಯಿಗೂ ಮೇಲೆ. ಆ ಲೆಕ್ಕ ಹಾಕಿ ನಿನ್ನ ಮನಸ್ಸು ಆಗಲೇ ಆ ಕಡೆ ವಾಲಿದೆ, ನಿಮ್ಮಪ್ಪನದೂ ಹಾಗೇ. ಪಗಾರದ ಲೆಕ್ಕ ನೀವು ಮಾಡಿಯಾಗಿದೆ, ಅದನ್ನು ನಾನು ಮತ್ತೆ ಮಾಡುವುದಿಲ್ಲ. ನಾನು ಕೇಳುವುದು ಬೇರೆ. ಅಲ್ಲಿ ನಿನಗೆ ಸರಿ ಬರದಿದ್ದರೆ, ಹೊರಗೆ ಬರುವ ಬಾಗಿಲು ಯಾರ ಕೈಯಲ್ಲಿರುತ್ತದೆ? ಆ ಎರಡೂ ದೇಶಗಳ ನಡುವೆ ಹೆಚ್ಚು ದೂರವೇನಿಲ್ಲ, ಆದರೆ ಈ ಒಂದು ವಿಷಯದಲ್ಲಿ ಒಂದರ ಕಾನೂನು ಪೂರ್ವಕ್ಕೆ ಹೋದರೆ ಇನ್ನೊಂದರದು ಪಶ್ಚಿಮಕ್ಕೆ ಹೋಗಿದೆ. ಅದನ್ನು ತಿಳಿದುಕೊಳ್ಳದೆ ಸಹಿ ಹಾಕಬೇಡ.

ನಮಗೆ ಯಮಕನಮರಡಿಯವರಿಗೆ ಗಡಿ ಅಂದರೆ ಏನೆಂದು ಗೊತ್ತಿದೆ ಅಂದುಕೊಂಡಿರುತ್ತೇವೆ. ಹೈವೇ ಹಿಡಿದು ಹತ್ತರಗಿ, ಸಂಕೇಶ್ವರ, ನಿಪ್ಪಾಣಿ ದಾಟಿ ಕೊಗನೊಳ್ಳಿ ಮುಗಿಯಿತೆಂದರೆ ಮಹಾರಾಷ್ಟ್ರ. ಗೋಕುಳ ಶಿರಗಾವದ ಕಾರ್ಖಾನೆಗೆ, ಇಚಲಕರಂಜಿಯ ಮಗ್ಗಕ್ಕೆ ಈ ಭಾಗದ ಹುಡುಗರು ಹೋಗುತ್ತಲೇ ಇದ್ದಾರೆ. ಮಾಲೀಕ ಸರಿಯಿಲ್ಲವೆಂದರೆ ಸಂಜೆ ಬಸ್ಸಿಗೆ ಊರಿಗೆ ಬರುತ್ತಾರೆ, ನಾಳೆ ಪಕ್ಕದ ಶೆಡ್ಡಿಗೆ ಹೋಗುತ್ತಾರೆ. ಯಾರ ಚೀಟಿಯೂ ಬೇಕಿಲ್ಲ. ಈ ದೇಶದಲ್ಲಿ ಎಲ್ಲಿಯಾದರೂ ಓಡಾಡುವ, ಎಲ್ಲಿಯಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಕೊರೊನಾ ಕಾಲದಲ್ಲಿ ಕೊಗನೊಳ್ಳಿ ನಾಕಾದಲ್ಲಿ ಟೆಸ್ಟ್ ರಿಪೋರ್ಟ್ ಕೇಳಿದ್ದಕ್ಕೇ ನಮ್ಮವರಿಗೆ ಎಷ್ಟು ಸಿಟ್ಟು ಬಂದಿತ್ತು, ನೆನಪಿದೆಯಲ್ಲ? ಈ ರೂಢಿಯಲ್ಲೇ ಬೆಳೆದ ಹುಡುಗರು ಕೊಲ್ಲಿ ದೇಶಗಳ ಬಗ್ಗೆಯೂ ಹಾಗೇ ಮಾತಾಡುತ್ತಾರೆ: ‘ಎಲ್ಲಾ ಅರಬರ ದೇಶ, ಎಲ್ಲಾ ಒಂದೇ, ಒಂದರಲ್ಲಿ ಆಗದಿದ್ದರೆ ಇನ್ನೊಂದಕ್ಕೆ ಹಾರಿದರಾಯಿತು.’ ಹಾಗೆ ಹಾರಲಿಕ್ಕೆ ಬರುವುದಿಲ್ಲ.

ಸೌದಿ, ಕುವೈತ್, ಬಹರೇನ್, ಕತಾರ್, ಎಮಿರೇಟ್ಸ್, ಒಮಾನ್ ಈ ಆರೂ 1981ರಿಂದ ಒಂದೇ ಒಕ್ಕೂಟದಲ್ಲಿವೆ. ಮಾತು ಒಂದು, ಧರ್ಮ ಒಂದು, ಊಟ ಉಡುಗೆಯೂ ಹೆಚ್ಚುಕಡಿಮೆ ಒಂದು. ಹೊರಗಿನಿಂದ ಬಂದ ಕೆಲಸಗಾರನನ್ನು ಒಬ್ಬ ಕಫೀಲನ, ಅಂದರೆ ಅವನನ್ನು ಕರೆಸಿಕೊಂಡ ಮಾಲೀಕನ ಹೆಸರಿಗೆ ಕಟ್ಟಿಹಾಕುವ ಪದ್ಧತಿಯೂ ಮೊದಲು ಆರರಲ್ಲೂ ಇತ್ತು. ಆ ಕಟ್ಟು ಎಲ್ಲಿ ಎಷ್ಟು ಸಡಿಲವಾಯಿತು, ಎಲ್ಲಿ ಮತ್ತೆ ಬಿಗಿಯಾಯಿತು ಎಂಬುದರಲ್ಲೇ ಈಗ ಫರಕು ಇರುವುದು.

ನಾನು ಸೌದಿಯ ಖೋಬರಿನಲ್ಲಿ ಇದ್ದವನು. ಅಲ್ಲಿಂದ ಸಮುದ್ರದ ಮೇಲೆ ಬಹರೇನಿಗೆ ಸುಮಾರು 25 ಕಿಲೋಮೀಟರಿನ ಸೇತುವೆ ಇದೆ, 1986ರಲ್ಲಿ ತೆರೆದದ್ದು. ಗುರುವಾರ ಬಂತೆಂದರೆ ಅದರ ಮೇಲೆ ಕಾರುಗಳ ಸಾಲು. ಆ ಸೇತುವೆಯ ಆಚೆ ತುದಿಯಲ್ಲಿ 2009ರಲ್ಲಿ ಬಹರೇನಿನವರು, ಕೆಲಸಗಾರ ಮಾಲೀಕನ ಒಪ್ಪಿಗೆಯಿಲ್ಲದೆಯೂ ಬೇರೆ ಕಂಪನಿಗೆ ಹೋಗಬಹುದೆಂದು ಕಾನೂನು ಮಾಡಿದರು. ಎರಡು ವರ್ಷದ ನಂತರ, ಮೊದಲ ಮಾಲೀಕನ ಹತ್ತಿರ ಒಂದು ವರ್ಷ ತುಂಬಿರಬೇಕು ಎಂಬ ಷರತ್ತು ಸೇರಿಸಿದರು, ಆದರೂ ಬಾಗಿಲು ಮುಚ್ಚಲಿಲ್ಲ. ಈಚೆ ತುದಿಯಲ್ಲಿ ನಮಗೆ ಅದೇ ಹಕ್ಕು ಬರಲು 2021ರ ಮಾರ್ಚ್ ಆಗಬೇಕಾಯಿತು. ಅಷ್ಟು ವರ್ಷ ಒಂದೇ ಸೇತುವೆಯ ಎರಡು ಕಡೆ, ಒಂದೇ ಬಗೆಯ ಕೆಲಸ ಮಾಡುವ ಇಬ್ಬರಿಗೆ ಎರಡು ಬಗೆಯ ಬದುಕು ನಡೆಯಿತು.

ಅದು ಹೇಗಿತ್ತೆಂದು ನಿನಗೆ ತಿಳಿಯಲಿ ಎಂದು ಒಂದು ಸಂಗತಿ ಹೇಳುತ್ತೇನೆ. ನಮ್ಮ ಕ್ಯಾಂಪಿನಲ್ಲಿ ಬೀದರ ಕಡೆಯವನೊಬ್ಬನಿದ್ದ, ನನ್ನ ಮೇಲಿನ ಮಂಚದವನು. ಒಂದು ಸಂಜೆ ಅವನ ಅಪ್ಪ ತೀರಿಕೊಂಡ ಫೋನ್ ಬಂತು. ಬಟ್ಟೆ ಬದಲಿಸಿ, ಚೀಲ ತುಂಬಿಕೊಂಡು ಆಫೀಸಿಗೆ ಓಡಿದ. ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿ, ಕಪಾಟಿನ ಕೀಲಿ ಮ್ಯಾನೇಜರನ ಹತ್ತಿರ. ಮ್ಯಾನೇಜರ ಒಳ್ಳೆಯವನೇ, ಕೀಲಿ ತೆಗೆದ. ಆದರೆ ದೇಶ ಬಿಟ್ಟು ಹೋಗಲು ಕಫೀಲನ ಒಪ್ಪಿಗೆ ಬೇಕು, ಕಫೀಲ ಯುರೋಪಿಗೆ ಹೋಗಿದ್ದ. ನಮ್ಮ ಹುಡುಗನ ಹತ್ತಿರ ಟಿಕೆಟ್ಟಿಗೆ ರೊಕ್ಕವಿತ್ತು, ವಿಮಾನವೂ ಇತ್ತು, ಮೈಮೇಲೆ ಯಾವ ಕೇಸೂ ಇರಲಿಲ್ಲ. ಒಪ್ಪಿಗೆ ಬರುವ ಹೊತ್ತಿಗೆ ಊರಲ್ಲಿ ಮಣ್ಣು ಆಗಿಹೋಗಿತ್ತು. ಅವನು ಅಪ್ಪನ ಮಣ್ಣಿಗೆ ಹೋಗಲಿಕ್ಕಾಗದೆ ಮಂಚದ ಮೇಲೆ ಚೀಲ ಇಟ್ಟುಕೊಂಡು ಕುಳಿತದ್ದನ್ನು ನೋಡಿದವನು ನಾನು. ಆದ್ದರಿಂದಲೇ ಯಾರು ಕೊಲ್ಲಿಗೆ ಹೊರಟರೂ ಬಾಗಿಲಿನ ಮಾತು ಮೊದಲು ಕೇಳುತ್ತೇನೆ.

ಈಗ ನಿನ್ನ ಎರಡು ದೇಶಕ್ಕೆ ಬಾ. ಕತಾರಿನಲ್ಲೂ ಮೊದಲು ಹೀಗೇ ಇತ್ತು. ಫುಟ್‌ಬಾಲ್ ವಿಶ್ವಕಪ್ಪಿನ ಕಟ್ಟಡಗಳಿಗೆ ಲಕ್ಷಗಟ್ಟಲೆ ಜನರನ್ನು ಕರೆಸಿದರು, ಅವರ ಪಾಡು ನೋಡಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತನಕ ದೂರು ಹೋಯಿತು, ಜಗತ್ತೆಲ್ಲ ಕೇಳತೊಡಗಿತು. 2018ರಲ್ಲಿ ಕಂಪನಿ ಕೆಲಸಗಾರರಲ್ಲಿ ಬಹುತೇಕರಿಗೆ ಎಕ್ಸಿಟ್ ಪರ್ಮಿಟ್ ತೆಗೆದರು, 2020ರ ಜನವರಿಯಲ್ಲಿ ಮನೆಗೆಲಸದವರಿಗೂ ತೆಗೆದರು. ಅದೇ ವರ್ಷ ಕೆಲಸ ಬದಲಿಸಲು ಬೇಕಿದ್ದ ಮಾಲೀಕನ ಒಪ್ಪಿಗೆ ಪತ್ರ, ಎನ್‌ಒಸಿಯೂ ಹೋಯಿತು. ಕೆಲಸಕ್ಕೆ ಸೇರಿ ಎರಡು ವರ್ಷದೊಳಗಾದರೆ ಒಂದು ತಿಂಗಳು, ಮೇಲಾದರೆ ಎರಡು ತಿಂಗಳು ಮೊದಲು ನೋಟಿಸ್ ಕೊಟ್ಟರೆ ಸಾಕು. 2021ರ ಮಾರ್ಚಿನಿಂದ ಕನಿಷ್ಠ ಪಗಾರ 1,000 ರಿಯಾಲ್, ಊಟ ವಸತಿ ಕಂಪನಿ ಕೊಡದಿದ್ದರೆ ವಸತಿಗೆ 500, ಊಟಕ್ಕೆ 300 ಮೇಲೆ.

ಕುವೈತ್ ನಡೆದದ್ದು ಉಲ್ಟಾ ದಿಕ್ಕಿಗೆ. ಖಾಸಗಿ ಕಂಪನಿಯ ವಿದೇಶಿ ಕೆಲಸಗಾರರು 2025ರ ಜುಲೈ 1ರಿಂದ ದೇಶ ಬಿಡಬೇಕಾದರೆ ಮಾಲೀಕನ ಒಪ್ಪಿಗೆಯ ಎಕ್ಸಿಟ್ ಪರ್ಮಿಟ್ ತರಬೇಕು. ಮೊಬೈಲಿನ ಆ್ಯಪಿನಲ್ಲಿ ಅರ್ಜಿ ಹಾಕುವುದು, ಮಾಲೀಕ ಆ ಕಡೆಯಿಂದ ಒಪ್ಪುವುದು. ಕಾಗದ ಹೋಗಿ ಆ್ಯಪ್ ಬಂದಿದೆ, ಬೆರಳು ಮಾತ್ರ ಮಾಲೀಕನದೇ. ಕೆಲಸ ಬದಲಿಸುವುದೂ ಅಲ್ಲಿ ಬಿಗಿ: 2024ರ ಜೂನಿನ ನಿಯಮದಂತೆ ಮೂರು ವರ್ಷ ತುಂಬುವ ಮೊದಲು ಬೇರೆ ಕಂಪನಿಗೆ ಹೋಗಬೇಕಾದರೆ ಮಾಲೀಕ ಒಪ್ಪಬೇಕು, ಮೇಲೆ 300 ದಿನಾರು ಕಟ್ಟಬೇಕು.

ಹತ್ತು ವರ್ಷದ ಹಿಂದೆ ಯಾರಾದರೂ ನನ್ನನ್ನು ಕೇಳಿದ್ದರೆ ಕತಾರಿಗೆ ಬೇಡ, ಕುವೈತಿಗೆ ಹೋಗು ಎನ್ನುತ್ತಿದ್ದೆ. ಇಂದು ಅದು ತಿರುಗಿದೆ. ಕಾನೂನು ಸಡಿಲವಾಗುತ್ತಲೇ ಹೋಗುತ್ತದೆ ಎಂದು ನಂಬಬೇಡ, ಹಿಂದೆ ಹೋಗಿಬಂದವರ ಮಾತನ್ನು ಪ್ರಮಾಣವೆಂದು ಹಿಡಿಯಬೇಡ. ನನ್ನ ಮಾತೂ ಅದರಲ್ಲೇ ಬಂತು. ಹೊರಡುವ ತಿಂಗಳು ಏನಿದೆಯೋ ಅದನ್ನೇ ರಾಯಭಾರ ಕಚೇರಿಯ ಪ್ರಕಟಣೆಯಲ್ಲಿ ನೋಡಿಕೋ.

ಕತಾರ್ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಕಾನೂನು ಒಳ್ಳೆಯದಿದ್ದರೂ ಪಗಾರ ತಡಮಾಡುವ ಸಣ್ಣ ಗುತ್ತಿಗೆದಾರ ಅಲ್ಲೂ ಇದ್ದಾನೆ. ಆದರೆ ಅವನನ್ನು ಬಿಟ್ಟು ಬರುವ ಹಕ್ಕು ನಿನ್ನ ಕೈಯಲ್ಲಿರುತ್ತದೆ. ವಸತಿಯ ಬಗ್ಗೆಯೂ ಎರಡೂ ಕಡೆ ಕೇಳಲೇಬೇಕು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, 45 ಭಾರತೀಯರ ಶವಗಳು ವಾಯುಪಡೆಯ ವಿಮಾನದಲ್ಲಿ ಬಂದವು. ನಮ್ಮ ಕಲಬುರಗಿ ಜಿಲ್ಲೆಯವನೂ ಒಬ್ಬ ಅದರಲ್ಲಿದ್ದ. ಕೋಣೆಯಲ್ಲಿ ಎಷ್ಟು ಜನ, ಹೊರಬರುವ ಮೆಟ್ಟಿಲು ಎಷ್ಟು ಎಂದು ಕೇಳಲು ನಾಚಿಕೊಳ್ಳಬೇಡ.

ಇನ್ನೊಂದು ವಿಷಯ, ಇದರಲ್ಲೇ ನಮ್ಮ ಹುಡುಗರು ಹೆಚ್ಚು ಸಿಕ್ಕಿಬೀಳುವುದು. ದೇಶದ ಕಾನೂನು ಏನೇ ಇರಲಿ, ನಿನಗೆ ಅನ್ವಯಿಸುವುದು ವೀಸಾದ ಮೇಲೆ ಬರೆದ ಕೆಲಸ. ಸೌದಿಯಲ್ಲಿ 2021ರಲ್ಲಿ ಬಂದ ಹಕ್ಕು ಮನೆಗೆಲಸದವರಿಗೆ, ಮನೆಯ ಡ್ರೈವರಿಗೆ, ತೋಟದವನಿಗೆ, ಕುರಿ ಕಾಯುವವನಿಗೆ ಇರಲಿಲ್ಲ. ಕುವೈತಿನಲ್ಲಿ ಕಂಪನಿ ಕೆಲಸಗಾರನ ಇಕಾಮಾ, ಅಂದರೆ ವಾಸದ ಪರವಾನಗಿ, 18ನೇ ಕಲಮಿನದು, ಮನೆಗೆಲಸದವನದು 20ನೇ ಕಲಮಿನದು. ನಮ್ಮ ಹುಕ್ಕೇರಿ ತಾಲ್ಲೂಕಿನಲ್ಲಿ ಕಂಬ ಹತ್ತಿ ವಿದ್ಯುತ್ ಕೆಲಸ ಕಲಿತವನು ನೀನು. ಏಜೆಂಟ ಬಾಯಲ್ಲಿ ಎಲೆಕ್ಟ್ರಿಶಿಯನ್ ಎಂದು ಹೇಳಿ ವೀಸಾ ಮಾತ್ರ 20ರದು ತಂದರೆ, ಅಲ್ಲಿ ಕಂಪನಿಯ ಸೈಟಿನಲ್ಲಿ ನೀನು ವಾಯರ್ ಎಳೆಯುತ್ತಿರುವುದೇ ಅಪರಾಧವಾಗುತ್ತದೆ. ವೀಸಾ ಅರಬ್ಬಿಯಲ್ಲಿರುತ್ತದೆ. ಓದಲು ಬರುವವರಿಂದ ಓದಿಸಿ, ಅದರಲ್ಲಿರುವ ಹುದ್ದೆ ಕರಾರಿನ ಹುದ್ದೆಗೆ ಹೊಂದುತ್ತದೆಯೇ ನೋಡಿದ ಮೇಲೆ ರೊಕ್ಕ ಕೊಡು.

‘ಆಜಾದ್ ವೀಸಾ’ ಎಂದು ಹೇಳುವವನನ್ನು ಮನೆಯೊಳಗೆ ಕರೆಯಲೇಬೇಡ. ಒಬ್ಬನ ಹೆಸರಲ್ಲಿ ವೀಸಾ, ಇನ್ನೊಬ್ಬನ ಹತ್ತಿರ ಕೆಲಸ, ವರ್ಷವರ್ಷ ಮೊದಲನೆಯವನಿಗೆ ಕಪ್ಪ. ಅವನಿಗೆ ಮನಸ್ಸು ಕೆಟ್ಟ ದಿನ ‘ಓಡಿಹೋದ’ ಎಂದು ಬರೆಸುತ್ತಾನೆ. ಸೌದಿಯಲ್ಲಿ ಇದನ್ನು ಹುರೂಬ್ ಅನ್ನುತ್ತಾರೆ. ಅಲ್ಲಿಂದ ಮುಂದೆ ನೀನು ಆಸ್ಪತ್ರೆಗೆ ಹೋಗಲಿಕ್ಕೂ ಹೆದರಬೇಕು. 2013ರಲ್ಲಿ ಸೌದಿ ಸರ್ಕಾರ ಕಾಗದ ಸರಿಮಾಡಿಕೊಳ್ಳಿ, ಇಲ್ಲವೇ ಹೊರಡಿ ಎಂದು ಗಡುವು ಕೊಟ್ಟಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ವಾಪಸ್ ಬಂದರು, ಅವರಲ್ಲಿ ಹೀಗೆ ಸಿಕ್ಕವರು ಎಷ್ಟೋ ಜನ. ಕುವೈತ್ 2024ರ ಮಾರ್ಚಿನಿಂದ ಜೂನ್ ತನಕ, ಎಮಿರೇಟ್ಸ್ ಅದೇ ವರ್ಷ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ದಂಡವಿಲ್ಲದೆ ಹೋಗಲು ಅವಕಾಶ ಕೊಟ್ಟವು. ಅಂಥ ಅವಕಾಶ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು, ಅದನ್ನು ನಂಬಿ ಹೋಗುವುದು ಸಲ್ಲ. ದುಬೈಗೆ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕೋಣ ಎಂದು ನಿನ್ನ ಗೆಳೆಯ ಹೇಳುತ್ತಿದ್ದನಲ್ಲ, ಅವನಿಗೂ ಹೇಳು: ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ, ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಅಂಥವರನ್ನು ಇಟ್ಟುಕೊಂಡ ಮಾಲೀಕನಿಗೆ 2024ರಿಂದ ದಂಡ ಒಂದು ಲಕ್ಷ ದಿರ್ಹಮಿನಿಂದ ಹತ್ತು ಲಕ್ಷದ ತನಕ.

ಎಕ್ಸಿಟ್ ಪರ್ಮಿಟ್ ಇಲ್ಲದ ದೇಶದಲ್ಲೂ ಬಾಗಿಲು ಮುಚ್ಚಿಸುವ ಒಂದು ಸಂಗತಿ ಇದೆ, ಸಾಲ. ಅಲ್ಲಿಯ ಬ್ಯಾಂಕಿನಲ್ಲಿ ಸಾಲ ತೆಗೆದು ಕಂತು ತಪ್ಪಿಸಿದರೆ ಬ್ಯಾಂಕಿನವರು ಕೋರ್ಟಿಗೆ ಹೋಗಿ ಪ್ರಯಾಣ ನಿಷೇಧ ತರುತ್ತಾರೆ, ವಿಮಾನ ನಿಲ್ದಾಣದಲ್ಲಿ ನಿಲ್ಲಿಸುತ್ತಾರೆ. ಗೆಳೆಯನ ಸಾಲಕ್ಕೆ ಜಾಮೀನು ಸಹಿಯನ್ನಂತೂ ಯಾವ ಕಾರಣಕ್ಕೂ ಹಾಕಬೇಡ.

ನಮ್ಮ ಸರ್ಕಾರದ ಕಾನೂನೂ ಇದೆ, 1983ರ ವಲಸೆ ಕಾಯ್ದೆ. ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುತ್ತದೆ. ಅವರು ಈ ಆರು ದೇಶ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಈ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಹುಡುಗರು ಇದನ್ನು ಕಾಟ ಅನ್ನುತ್ತಾರೆ. ನಾನು ಕಾಟ ಅನ್ನುವುದಿಲ್ಲ. ಕರಾರು ಸರ್ಕಾರದ ಕಣ್ಣಿಗೆ ಬೀಳುವುದು ಅಲ್ಲಿಯೇ. ನೀನು ಐಟಿಐ ಮಾಡಿದವನು, ನಿನಗೆ ಆ ಅನುಮತಿ ಬೇಕಿಲ್ಲ. ಅಂದರೆ ನಿನ್ನ ಕರಾರನ್ನು ಯಾರೂ ನೋಡುವುದೂ ಇಲ್ಲ. ಅದಕ್ಕೇ ನೀನು ಹೆಚ್ಚು ಎಚ್ಚರ ಇರಬೇಕು. ನೋಂದಾಯಿತ ಏಜೆಂಟ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಿನ್ನಿಂದ ಲಕ್ಷದ ಮೇಲೆ ಕೇಳುತ್ತಿದ್ದಾನೆಂದರೆ ಉಳಿದದ್ದು ಯಾವ ಲೆಕ್ಕ ಎಂದು ರಸೀದಿ ಸಮೇತ ಕೇಳು. ಆ ರೊಕ್ಕಕ್ಕೆ ಹೊಲದ ಮೇಲೆ ಸಾಲ ತೆಗೆದರೆ, ಅಲ್ಲಿ ಮಾಲೀಕ ಎಷ್ಟೇ ಕೆಟ್ಟವನಾದರೂ ಬಡ್ಡಿಯ ಅಂಜಿಕೆಗೆ ನೀನು ಹೊರಡುವುದಿಲ್ಲ. ಕತಾರಿನವರು ತೆರೆದಿಟ್ಟ ಬಾಗಿಲನ್ನು ನೀನೇ ಊರಲ್ಲಿ ಕೀಲಿ ಹಾಕಿ ಹೋದ ಹಾಗಾಗುತ್ತದೆ.

ಮದುವೆಯಾದ ಮೇಲೆ ಹೆಂಡತಿಯನ್ನೂ ಕರೆಸಿಕೊಳ್ಳುತ್ತೇನೆ ಎಂದು ಹೇಳಿದ್ದೀ. ಎಮಿರೇಟ್ಸಿನಲ್ಲಿ 4,000 ದಿರ್ಹಮ್, ಇಲ್ಲವೇ ಮನೆ ಕೊಟ್ಟು 3,000 ಪಗಾರವಿದ್ದರೆ ಸಾಧ್ಯ. ಕುವೈತ್ 2024ರಲ್ಲಿ 800 ದಿನಾರಿನ ಪಗಾರವಿರಬೇಕೆಂದಿತು. ಸೌದಿಯಲ್ಲಿ ಮನೆಯವರ ತಲೆಗೊಂದರಂತೆ ತಿಂಗಳಿಗೆ 400 ರಿಯಾಲ್ ಶುಲ್ಕ ಬಂದು ಎಷ್ಟೋ ಸಂಸಾರಗಳು ಊರಿಗೆ ಬಂದವು. ನಿನ್ನ ಪಗಾರಕ್ಕೆ ಎಲ್ಲಿಯೂ ಸದ್ಯಕ್ಕೆ ಆಗುವ ಮಾತಲ್ಲ, ಅದನ್ನು ಹುಡುಗಿಯ ಮನೆಯವರಿಗೆ ಈಗಲೇ ಹೇಳು.

ನನ್ನ ಮನಸ್ಸು ಕತಾರಿನ ಕಡೆ, ಪಗಾರ ಸ್ವಲ್ಪ ಕಡಿಮೆಯಾದರೂ. ಆದರೆ ಆ ಕರಾರನ್ನೂ ನಾನಿನ್ನೂ ಪೂರ್ತಿ ನೋಡಿಲ್ಲ. ಏಜೆಂಟನ ಲೈಸೆನ್ಸ್ ನಂಬರು ಕೇಳಿ ಬರೆದುಕೋ, ಈ-ಮೈಗ್ರೇಟ್‌ನಲ್ಲಿ ಹಾಕಿ ನೋಡೋಣ. ಅನುಮಾನ ಬಂದರೆ ಸರ್ಕಾರದ ಸಹಾಯವಾಣಿ 1800 11 3090ಕ್ಕೆ ಫೋನ್ ಮಾಡಿ ಕೇಳೋಣ, ರೊಕ್ಕ ಬೀಳುವುದಿಲ್ಲ. ಪಾಸ್‌ಪೋರ್ಟು, ವೀಸಾ, ಕರಾರು ಮೂರರದೂ ಎರಡೆರಡು ಝೆರಾಕ್ಸ್ ತೆಗೆಸು, ಒಂದು ಪ್ರತಿ ನಿಮ್ಮವ್ವನ ಹತ್ತಿರ ಇರಲಿ. ರವಿವಾರ ಬರುವಾಗ ನಿನ್ನ ಗೆಳೆಯನನ್ನೂ ಕರೆದುಕೊಂಡು ಬಾ. ಅವನು ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟವನು, ಇಸಿಆರ್ ಪಾಸ್‌ಪೋರ್ಟಿನವನು. ಪ್ರವಾಸಿ ಭಾರತೀಯ ಬಿಮಾ ಅವನಿಗೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಹತ್ತು ಲಕ್ಷದ ವಿಮೆ. ಅದನ್ನು ಮಾಡಿಸದೆ ಅವನನ್ನು ಮುಂಬೈ ಬಸ್ಸು ಹತ್ತಲು ಬಿಡಬೇಡ.