ಹಿರಿಯರ ನಾಣ್ಯಗಳು: ಬೆಲೆ ಕಟ್ಟಿಸಲು ಪರದೇಶಕ್ಕೆ ಕಳುಹಿಸುವ ಮುನ್ನ

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ವಹಿಯ ಪಕ್ಕದಲ್ಲಿ ಹಳೆಯ ಬೆಳ್ಳಿ ರೂಪಾಯಿಗಳನ್ನಿಟ್ಟು ಪೂಜಿಸುವ ಪದ್ಧತಿ ಬೆಳಗಾವಿ ಜಿಲ್ಲೆಯ ವ್ಯಾಪಾರಸ್ಥರ ಮನೆಗಳಲ್ಲಿ ಇಂದಿಗೂ ಉಂಟು. ನಿಪ್ಪಾಣಿಯ ತಂಬಾಕು, ರಾಯಬಾಗ ಸೀಮೆಯ ಬೆಲ್ಲ, ಅಥಣಿಯ ಚರ್ಮದ ವ್ಯಾಪಾರದಲ್ಲಿ ಹಿಂದಿನ ತಲೆಮಾರಿನವರು ಗಳಿಸಿದ ಹಣದ ಒಂದು ಪಾಲು ಹೀಗೆ ತಿಜೋರಿಯಲ್ಲಿ ಉಳಿದುಬಂದಿರುತ್ತದೆ. ಮನೆಯ ಹಿರಿಯರು ತೀರಿಕೊಂಡು ಪಾಲು ಹಂಚುವ ಸಮಯ ಬಂದಾಗ ಇವುಗಳ ಬೆಲೆ ಎಷ್ಟೆಂಬ ಪ್ರಶ್ನೆ ಏಳುತ್ತದೆ. ಸರಾಫರು ತೂಕದ ಬೆಲೆ ಹೇಳುತ್ತಾರೆ. ಅಮೇರಿಕೆಯಲ್ಲಿರುವ ಮಗನೋ ಅಳಿಯನೋ, ‘ಇಲ್ಲಿಗೆ ಕಳುಹಿಸಿರಿ, ತಜ್ಞರಿಂದ ಬೆಲೆ ಕಟ್ಟಿಸೋಣ’ ಎನ್ನುತ್ತಾನೆ. ಈ ಎರಡನೆಯ ಸಲಹೆಯನ್ನು ಪಾಲಿಸುವ ಮುನ್ನ ಕಾನೂನನ್ನು ಅರಿಯುವುದು ಅಗತ್ಯ. ಇಲ್ಲವಾದರೆ ನಾಣ್ಯಗಳು ಕೈತಪ್ಪುವುದಲ್ಲದೆ ಕಳುಹಿಸಿದವರು ಕಟಕಟೆಯಲ್ಲಿ ನಿಲ್ಲಬೇಕಾದೀತು.

ನೂರು ವರ್ಷಗಳ ಗಡಿ

ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮವು 1972ರಲ್ಲಿ ಅಂಗೀಕಾರವಾಗಿ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು ಪ್ರಾಚ್ಯವಸ್ತುವೆನಿಸುತ್ತದೆ. ಅಂಥ ವಸ್ತುವನ್ನು ಕೇಂದ್ರ ಸರಕಾರ ಅಥವಾ ಅದರಿಂದ ಅಧಿಕಾರ ಪಡೆದ ಸಂಸ್ಥೆಯ ಹೊರತು ಬೇರೆ ಯಾರೂ ರಫ್ತು ಮಾಡುವಂತಿಲ್ಲ. ಇಲ್ಲಿ ‘ರಫ್ತು’ ಎಂದರೆ ಭಾರತದಿಂದ ಹೊರಗೆ ಒಯ್ಯುವುದು ಎಂದಷ್ಟೇ ಅರ್ಥ. ಮಾರಾಟದ ಉದ್ದೇಶವಿಲ್ಲ, ಪರೀಕ್ಷೆ ಮುಗಿದ ಮೇಲೆ ಮರಳಿ ತರಲಾಗುವುದು ಎಂಬ ಸಮಜಾಯಿಷಿ ನಡೆಯದು. ಕೈಚೀಲದಲ್ಲಿ ಒಯ್ದರೂ ಅಂಚೆಯಲ್ಲಿ ಕಳುಹಿಸಿದರೂ ಒಂದೇ. ಉಲ್ಲಂಘಿಸಿದವರಿಗೆ, ಉಲ್ಲಂಘಿಸಲು ಯತ್ನಿಸಿದವರಿಗೂ ಸಹ, ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವಿದೆ. 1962ರ ಕಸ್ಟಮ್ಸ್ ಕಾಯ್ದೆಯ ಮೇರೆಗೆ ಮಾಲು ಮುಟ್ಟುಗೋಲಾಗುತ್ತದೆ.

ಒಡೆತನ ಬೇರೆ, ಹೊರಗೆ ಒಯ್ಯುವ ಹಕ್ಕು ಬೇರೆ. ಇದಕ್ಕೆ ಹೆಸರಾಂತ ನಿದರ್ಶನವೊಂದುಂಟು. ಕಲಬುರ್ಗಿ, ಬೀದರ, ರಾಯಚೂರುಗಳನ್ನು ಒಂದು ಕಾಲಕ್ಕೆ ಆಳಿದ ಹೈದರಾಬಾದಿನ ನಿಜಾಮರ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ, ಜಹಾಂಗೀರ ಬಾದಶಹನು 1613ರಲ್ಲಿ ಆಗ್ರಾದಲ್ಲಿ ಟಂಕಿಸಿದ, ಸುಮಾರು 12 ಕಿಲೋ ತೂಕದ ಚಿನ್ನದ ನಾಣ್ಯವು 1987ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಸುದ್ದಿ ತಿಳಿದು ಕೇಂದ್ರೀಯ ತನಿಖಾ ದಳ ತನಿಖೆ ಕೈಗೊಂಡಿತು. ನಾಣ್ಯ ಮಾತ್ರ ದೇಶಕ್ಕೆ ಮರಳಲಿಲ್ಲ. ಅರಮನೆಯ ಆಸ್ತಿಗೆ ಅನ್ವಯಿಸುವ ಕಾನೂನೇ ಅಂಗಡಿಯ ತಿಜೋರಿಗೂ ಅನ್ವಯಿಸುತ್ತದೆ.

ವಿಂಗಡಣೆ ಹೇಗೆ?

ಮೊದಲ ಕೆಲಸ ವರ್ಷವಾರು ವಿಂಗಡಣೆ. ಮನೆಗಳಲ್ಲಿ ಹೆಚ್ಚಾಗಿ ಸಿಗುವ ಬ್ರಿಟಿಷ್ ಬೆಳ್ಳಿ ರೂಪಾಯಿಯ ವಿಷಯದಲ್ಲಿ ಇದು ಸುಲಭ. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್ ಇವರ ರೂಪಾಯಿಗಳೆಲ್ಲ ನೂರು ದಾಟಿವೆ. ಐದನೆಯ ಜಾರ್ಜ್‌ನ ರೂಪಾಯಿಗಳು 1911ರಿಂದ 1922ರವರೆಗೆ ಟಂಕಿತವಾದವು. ಅವೂ ಪ್ರಾಚ್ಯವಸ್ತುಗಳೇ. ಆರನೆಯ ಜಾರ್ಜ್‌ನ ರೂಪಾಯಿ ಆರಂಭವಾಗುವುದು 1938ರ ನಾಣ್ಯದಿಂದ. ಅದು ಇನ್ನೂ ಗಡಿಯ ಈಚೆಗಿದೆ. ಆದರೆ ಈ ಗಡಿ ಸ್ಥಿರವಲ್ಲ, ಪಂಚಾಂಗದೊಡನೆ ಮುಂದೆ ಸರಿಯುತ್ತದೆ. 1925ರ ಕಾಲಾಣೆ 2025ರಲ್ಲಿ ನೂರು ಮುಟ್ಟಿತು.

ಹೈದರಾಬಾದ್ ಸಂಸ್ಥಾನದ ನಾಣ್ಯಗಳ ಮೇಲೆ ಹಿಜರಿ ವರ್ಷವಿರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಇಸವಿ ಸುಮಾರಾಗಿ ದೊರೆಯುತ್ತದೆ. ಹಿಜರಿ 1343 ಎಂದರೆ 1924-25. ವರಹ, ಹೊನ್ನು, ಶಿವರಾಯಿ ಮುಂತಾದ ವರ್ಷವಿಲ್ಲದ ನಾಣ್ಯಗಳನ್ನು ಪ್ರಾಚ್ಯವಸ್ತುವೆಂದೇ ಎಣಿಸಿ ನಡೆಯುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ. ಹಳೆಯ ವಾಡೆ ಕೆಡವುವಾಗ ಅಥವಾ ಹೊಲ ಅಗೆಯುವಾಗ ಸಿಕ್ಕ ನಾಣ್ಯಗಳು ‘ಪಿತ್ರಾರ್ಜಿತ’ವೆನಿಸುವುದಿಲ್ಲ. ಅವು ನಿಧಿಯ ಕಾನೂನಿಗೆ ಒಳಪಡುತ್ತವೆ. ಆ ಬಗ್ಗೆ ಸರಕಾರಕ್ಕೆ ವರದಿ ಮಾಡಬೇಕು.

ಬೆಲೆ ಯಾವುದರಲ್ಲಿದೆ?

1862ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7ರಷ್ಟು. ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ರೂಪಾಯಿ ನಿಕ್ಕೆಲ್‌ನದು. ಇದು ಲೋಹದ ಬೆಲೆಯಷ್ಟೇ. ಸಂಗ್ರಾಹಕರು ಕೊಡುವ ಬೆಲೆ ಟಂಕಸಾಲೆ, ವರ್ಷ, ವಿರಳತೆ ಮತ್ತು ಸವೆತದ ಮೇಲೆ ನಿಂತಿದೆ. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಬಂದು ಅಚ್ಚನ್ನು ಬದಲಿಸಲಾಯಿತು. ಆದ್ದರಿಂದಲೇ ಅದಕ್ಕೆ ಸಂಗ್ರಾಹಕರ ವಲಯದಲ್ಲಿ ವಿಶೇಷ ಬೇಡಿಕೆ. 1939ರ ರೂಪಾಯಿ ಬಹು ವಿರಳವಾದ್ದರಿಂದ ಅದರ ನಕಲಿಗಳೂ ಬಹಳ.

ಪೂಜೆಗೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ ನಾಣ್ಯ ಹೊಳೆದರೂ ಸಂಗ್ರಹಮೌಲ್ಯ ಕುಗ್ಗುತ್ತದೆ. ಪುತಳಿ ಸರಕ್ಕಾಗಿ ಕೊಂಡಿ ಬೆಸೆದ ನಾಣ್ಯದ್ದೂ ಅದೇ ಗತಿ. ಬೆಲೆ ಕಟ್ಟಿಸುವವರೆಗೆ ಯಾವುದನ್ನೂ ತೊಳೆಯಬಾರದು, ತಿಕ್ಕಬಾರದು.

ಅನುಸರಿಸಬೇಕಾದ ಕ್ರಮ

1. ಪ್ರತಿ ನಾಣ್ಯಕ್ಕೂ ಕ್ರಮಸಂಖ್ಯೆ ಕೊಟ್ಟು ತೂಕ, ವ್ಯಾಸ, ವರ್ಷ, ಟಂಕಸಾಲೆಯ ಗುರುತು ಬರೆದಿಡಬೇಕು. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಎರಡೂ ಮುಖಗಳ ಛಾಯಾಚಿತ್ರ ತೆಗೆಯಬೇಕು. ಪಾಲುದಾರರೆಲ್ಲರೂ ಈ ಪಟ್ಟಿಗೆ ಸಹಿ ಮಾಡಿದರೆ ಮುಂದೆ ವ್ಯಾಜ್ಯ ತಪ್ಪುತ್ತದೆ.

2. ಪರದೇಶದ ತಜ್ಞರಿಗೆ ಈ ಛಾಯಾಚಿತ್ರಗಳನ್ನು ಮತ್ತು ಪಟ್ಟಿಯನ್ನು ಕಳುಹಿಸಲು ಅಡ್ಡಿಯಿಲ್ಲ. ಪ್ರಾಥಮಿಕ ಅಭಿಪ್ರಾಯಕ್ಕೆ ಬಹುಮಟ್ಟಿಗೆ ಇಷ್ಟೇ ಸಾಕು.

3. ನೂರು ದಾಟಿದವುಗಳ ಪ್ರತ್ಯಕ್ಷ ಪರೀಕ್ಷೆ ದೇಶದೊಳಗೇ ಆಗಬೇಕು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಿದ್ವಾಂಸರು, ನಾಸಿಕದ ಬಳಿಯ ಅಂಜನೇರಿಯ ನಾಣ್ಯಶಾಸ್ತ್ರ ಸಂಶೋಧನ ಸಂಸ್ಥೆಯವರು ಗುರುತಿಸುವ ಕೆಲಸದಲ್ಲಿ ನೆರವಾಗಬಲ್ಲರು. ಮಾರುವುದಾದರೆ ಪ್ರಾಚ್ಯವಸ್ತು ಮಾರಾಟದ ಪರವಾನಗಿಯುಳ್ಳ ವ್ಯಾಪಾರಿಯ ಅಥವಾ ಹರಾಜು ಸಂಸ್ಥೆಯ ಮೂಲಕವೇ ಮಾರಬೇಕು.

4. ನೂರರೊಳಗಿನ ನಾಣ್ಯ ಕಳುಹಿಸುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು. ಇಲಾಖೆಯ ವಲಯ ಕಚೇರಿ ಧಾರವಾಡದಲ್ಲಿದೆ. ವಿವಾದವೆದ್ದರೆ ಇಲಾಖೆಯ ಮಹಾನಿರ್ದೇಶಕರ ನಿರ್ಣಯವೇ ಅಂತಿಮ.

5. ಅನೇಕ ಕೊರಿಯರ್ ಸಂಸ್ಥೆಗಳು ನಾಣ್ಯಗಳನ್ನು ಸ್ವೀಕರಿಸುವುದಿಲ್ಲ. ‘ಲೋಹದ ಮಾದರಿ’ ಎಂದೋ ‘ಉಡುಗೊರೆ’ ಎಂದೋ ಬರೆದು ಕಳುಹಿಸಿದರೆ ಅದು ಸುಳ್ಳು ಘೋಷಣೆ. ಕಳೆದರೆ ವಿಮೆಯ ಪರಿಹಾರವೂ ದೊರೆಯದು. ಘೋಷಣೆಯಲ್ಲಿ ನಿಜವಾದ ವಿವರ, ಬೆಲೆ ಮತ್ತು ಪರೀಕ್ಷೆಯ ಬಳಿಕ ಮರಳಿ ಬರುವ ಸಂಗತಿ ಇರಬೇಕು. ಹೋದದ್ದೇ ಬಂದಿದೆ ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಮರಳುವಾಗ ಆಮದು ಸುಂಕ ತೆರಬೇಕಾದೀತು.

ಹೋಗುವ ಮತ್ತು ಬರುವ ಸಾಗಣೆ, ವಿಮೆ, ತಜ್ಞರ ಶುಲ್ಕ ಇವುಗಳನ್ನು ಮೊದಲೇ ಲೆಕ್ಕ ಹಾಕಬೇಕು. ಸಾಧಾರಣ 1940ರ ದಶಕದ ರೂಪಾಯಿಗೆ ಈ ಖರ್ಚು ಅದರ ಬೆಲೆಯನ್ನೇ ಮೀರುತ್ತದೆ. 1939ರ ರೂಪಾಯಿಯಂಥ ಒಂದೆರಡು ವಿರಳ ನಾಣ್ಯಗಳಿಗೆ ಮಾತ್ರ ಅದು ಸಾರ್ಥಕ.

ತೆರಿಗೆಯ ಮಾತು

ಎಸ್ಟೇಟ್ ಸುಂಕ 1985ರಲ್ಲಿ ರದ್ದಾದ ಕಾರಣ ಹಿರಿಯರಿಂದ ಬಂದುದಕ್ಕೆ ತೆರಿಗೆ ಇಲ್ಲ. ಮಾರಿದಾಗ ಬಂಡವಾಳ ಲಾಭದ ಪ್ರಶ್ನೆ ಬರಬಹುದು. ಆಗ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆ ಲೆಕ್ಕಕ್ಕೆ ಬರುವುದರಿಂದ ಲಿಖಿತ ಮೌಲ್ಯಮಾಪನ ವರದಿ ಕೈಯಲ್ಲಿರುವುದು ಹಿತ. ಲೆಕ್ಕಪರಿಶೋಧಕರ ಸಲಹೆ ಪಡೆದೇ ಮುಂದುವರಿಯಬೇಕು.

ಮಾಲು ಕಳುಹಿಸುವ ಮುನ್ನ ದಾಖಲೆಪತ್ರ ಸರಿಪಡಿಸಿಕೊಳ್ಳುವುದು ವ್ಯಾಪಾರಸ್ಥರಿಗೆ ಹೊಸದಲ್ಲ. ಆ ಶಿಸ್ತನ್ನೇ ಮನೆಯ ತಿಜೋರಿಗೂ ಅನ್ವಯಿಸಿದರೆ ಹಿರಿಯರ ನಾಣ್ಯಗಳು ತೂಕದ ಬೆಲೆಗೂ ಹೋಗವು, ಕಸ್ಟಮ್ಸ್ ಉಗ್ರಾಣಕ್ಕೂ ಸೇರವು.